ಮಾಡು ನೋಡುವ ವಿಶಾಲಮ್ಮ

ವಿಶಾಲಮ್ಮ ಯಾರ ಮನೆಗೆ ಹೋದರೂ ಮೊದಲು ಮನೆಯವರ ಮುಖ ನೋಡುವುದಿಲ್ಲ, ತಲೆಯ ಮೇಲಿನ ಮಾಡು ನೋಡುತ್ತಾಳೆ. ಹೊಸಿಲು ದಾಟಿದ್ದೇ ತಡ, ಕತ್ತು ಹಿಂದಕ್ಕೆ ವಾಲುತ್ತದೆ, ಕಣ್ಣು ಹೆಂಚಿನ ಸಾಲು ಹಿಡಿದು ಈ ಗೋಡೆಯಿಂದ ಆ ಗೋಡೆಯವರೆಗೆ ಹೋಗಿಬರುತ್ತದೆ. ಮದುವೆಮನೆಯಾದರೂ ಅಷ್ಟೆ, ಸಾವಿನ ಮನೆಯಾದರೂ ಅಷ್ಟೆ. ಒಮ್ಮೆ ನಾದಿನಿಯ ಮಗನಿಗೆ ಹೆಣ್ಣು ನೋಡಲು ಹೋದಾಗ ಹುಡುಗಿ ಕಾಫಿ ತಟ್ಟೆ ಹಿಡಿದು ಎದುರಿಗೆ ನಿಂತೇ ಇದ್ದಳು, ಇವಳು ಮೇಲೆ ನೋಡುತ್ತಲೇ ಇದ್ದಳು. ಹುಡುಗಿಯ ಅಪ್ಪನಿಗೆ ತಡೆಯಲಾಗಲಿಲ್ಲ. "ಸೋರದಿಲ್ಲ ಕಣಮ್ಮ, ಹೋದ ವರ್ಷನೇ ಹೆಂಚು ಕೈಯಾಡ್ಸೀವಿ" ಅಂದ. ಆ ಸಂಬಂಧ ಕೂಡಿಬರಲಿಲ್ಲ. ಮಾಡು ನೋಡಿದ್ದಕ್ಕೇ ತಪ್ಪಿತು ಎಂದು ನಾದಿನಿ ಇವತ್ತಿಗೂ ಹೇಳಿಕೊಂಡು ತಿರುಗುತ್ತಾಳೆ.

ಸಾಗರದ ಪೇಟೆಯಲ್ಲಿ ಅವಳಿಗೆ ಹೆಂಚಿನ ಹುಚ್ಚಿ ಎಂದು ಹೆಸರಿದೆ. ಎದುರಿಗೆ ಯಾರೂ ಅನ್ನುವುದಿಲ್ಲ, ಆದರೆ ಅವಳಿಗೆ ಗೊತ್ತು. ಗಂಡ ಬೆಳ್ಳಪ್ಪ ಮಾತ್ರ ಎದುರಿಗೇ ಅನ್ನುತ್ತಾನೆ: "ಚಟ್ಟದ ಮೇಲೆ ಅಂಗಾತ ಮಲಗ್ಸಿದ್ರೂ ಇವ್ಳು ಮಾಡು ನೋಡ್ಕಂಡೇ ಹೋಗಾದು." ಹಾಗೆಂದು ಅವಳನ್ನು ತಡೆದವನಲ್ಲ. ಮದುವೆಯಾದ ಹೊಸದರಲ್ಲಿ ಎರಡು ಸಲ ಯಾಕೆಂದು ಕೇಳಿದ್ದ, ಉತ್ತರ ಸಿಗಲಿಲ್ಲ, ಮೂರನೆಯ ಸಲ ಕೇಳಲಿಲ್ಲ.

ಬರೀ ನೋಡುವುದರಲ್ಲಿ ಮುಗಿದಿದ್ದರೆ ಚಿಂತೆಯಿರಲಿಲ್ಲ. ಹಳೆ ಮನೆಗಳ ಮಾಡು ಬಿಚ್ಚುವ ಕೆಲಸದ ಜಯಪ್ಪ ಎಂಬವನಿದ್ದಾನೆ. ಈಗ ಎಲ್ಲರಿಗೂ ತಾರಸಿ ಬೇಕು, ಇಲ್ಲವೇ ಶೀಟು ಬೇಕು. ಹಾಗಾಗಿ ಅವನಿಗೆ ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕಿನಲ್ಲಿ ಬಿಡುವಿಲ್ಲದ ಕೆಲಸ. ಎಲ್ಲಿ ಮಾಡು ಬಿಚ್ಚಿದರೂ ಅವನು ವಿಶಾಲಮ್ಮನಿಗೆ ಒಂದು ಫೋನು ಮಾಡಬೇಕು. ಮಾಡಿದ ಗಳಿಗೆಯಿಂದ ಅವಳಿಗೆ ಕೂತಲ್ಲಿ ಕೂರಲಾಗುವುದಿಲ್ಲ. ಒಲೆಯ ಮೇಲಿನ ಸಾರು ಉಕ್ಕುತ್ತಿದ್ದರೂ ಸರಿ, ಸೆರಗು ಸಿಕ್ಕಿಸಿಕೊಂಡು ಬಸ್‌ಸ್ಟ್ಯಾಂಡಿಗೆ ಓಡುತ್ತಾಳೆ. ಹೋಗಿ ಅಂಗಳದಲ್ಲಿ ಒಟ್ಟಿದ ಹೆಂಚುಗಳನ್ನು ಒಂದೊಂದಾಗಿ ಮಗುಚಿ, ಒಳಮೈ ನೋಡಿ, ಅಂಗೈಯಲ್ಲಿ ಮಸಿ ಉಜ್ಜಿ, ಮತ್ತೆ ಜೋಡಿಸುತ್ತಾಳೆ. ಸಂಜೆ ಬರಿಗೈಯಲ್ಲಿ ಬರುತ್ತಾಳೆ. ಅರವತ್ತೆರಡು ವರ್ಷದ ಹೆಂಗಸು, ಕಾಲಿಗೆ ಚಕ್ರ ಕಟ್ಟಿಕೊಂಡವಳ ಹಾಗೆ.

ಅವಳು ಹುಡುಕುತ್ತಿದ್ದದ್ದು ಐದು ಬೆರಳಿನ ಗುರುತು.

ನಲವತ್ತು ವರ್ಷದ ಹಿಂದೆ ಸಾಗರದ ಹೊರಗೆ ಒಂದು ಹೆಂಚಿನ ಕಾರ್ಖಾನೆ ಇತ್ತು. ಈಗ ಅಲ್ಲಿ ಸೈಟುಗಳಾಗಿವೆ. ಗೇಣಿ ಹೊಲ ಸ್ವಂತದ್ದಾದರೂ ಉಣ್ಣುವ ಬಾಯಿಗಳು ಜಾಸ್ತಿ ಎಂದು ಅಪ್ಪ ಇಬ್ಬರು ಹೆಣ್ಣುಮಕ್ಕಳನ್ನು ಅಲ್ಲಿಗೆ ಕಳಿಸಿದ್ದ. ದೊಡ್ಡವಳು ವಿಶಾಲ, ಚಿಕ್ಕವಳು ಯಶೋಧಾ. ಪ್ರೆಸ್ಸಿನಿಂದ ಬಂದ ಹಸಿ ಹೆಂಚನ್ನು ಮರದ ಚೌಕಟ್ಟಿನ ಮೇಲೆ ಹೊತ್ತು ತರುವುದು ಯಶೋಧಾಳ ಕೆಲಸ. ಅಂಚಿನ ಮಣ್ಣು ಸವರಿ, ಒದ್ದೆ ಬಟ್ಟೆಯಲ್ಲಿ ಮೈ ಒರೆಸಿ, ಒಣಗಲು ಇಡುವುದು ವಿಶಾಲಳದ್ದು. ದಿನವಿಡೀ ಅಕ್ಕ ತಂಗಿ ಎದುರುಬದುರು.

ಯಶೋಧಾಳಿಗೆ ಡೊಳ್ಳಿನ ಹುಚ್ಚು. ಎಲ್ಲಿ ಡೊಳ್ಳು ಕುಣಿದರೂ ಹೋಗಿ ಎದುರಿಗೇ ನಿಲ್ಲುತ್ತಿದ್ದಳು. ಆ ಕಾಲದಲ್ಲಿ ಡೊಳ್ಳು ಗಂಡಸರ ಸೊತ್ತು, ಹೆಣ್ಣುಮಕ್ಕಳು ನೋಡಬಹುದಿತ್ತು, ಮುಟ್ಟುವ ಹಾಗಿರಲಿಲ್ಲ. ನೋಡಿದ್ದೆಲ್ಲ ಅವಳ ಬೆರಳಿಗಿಳಿಯುತ್ತಿತ್ತು. ಮೊರ, ಕೊಡಪಾನ, ಅಕ್ಕನ ಬೆನ್ನು, ಯಾವುದನ್ನೂ ಬಿಟ್ಟವಳಲ್ಲ. ಎಲ್ಲಕ್ಕಿಂತ ಇಷ್ಟವಾದದ್ದು ಹಸಿ ಹೆಂಚು. ಹೊಡೆದರೆ ದಬ್ ಎಂದು ಮೆತ್ತಗೆ ಓಗೊಡುತ್ತಿತ್ತು. ಹೆಂಚು ಇಳಿಸಿದವಳೇ ಎಡಗೈಯ ಐದೂ ಬೆರಳಲ್ಲಿ ಒಂದು ಪೆಟ್ಟು. ಡೊಳ್ಳಿಗೆ ಬಲಗೈಯಲ್ಲಿ ಕೋಲು ಬೇಕಲ್ಲ, ಕೋಲಿಲ್ಲದ್ದಕ್ಕೆ ಬಲಗೈಯ ತೋರುಬೆರಳನ್ನೇ ಉದ್ದಕ್ಕೆ ಮಲಗಿಸಿ ಇನ್ನೊಂದು ಪೆಟ್ಟು. ಮಣ್ಣಿನಲ್ಲಿ ಎಡಕ್ಕೆ ಐದು ಗುಳಿ, ಬಲಕ್ಕೆ ಒಂದು ಉದ್ದ ಗೀರು. ಎಡಗೈಯ ಕಿರುಬೆರಳು ಚಿಕ್ಕಂದಿನಲ್ಲಿ ಗಾಡಿಯ ಚಕ್ರಕ್ಕೆ ಸಿಕ್ಕಿ ಸೊಟ್ಟಗಾಗಿದ್ದರಿಂದ ಐದನೆಯ ಗುಳಿ ಯಾವಾಗಲೂ ಪಕ್ಕಕ್ಕೆ ವಾಲಿಕೊಂಡಿರುತ್ತಿತ್ತು.

ಮೇಸ್ತ್ರಿ ಕಂಡ. "ಇನ್ನೊಂದ್ಸಲ ಬೆರಳಿನ ಗುರುತು ಕಂಡ್ರೆ ಅಕ್ಕತಂಗೀರು ಇಬ್ರೂ ಮನೆಗೆ" ಅಂದ. ಅಂದಿನಿಂದ ವಿಶಾಲಳಿಗೆ ಹೊಸ ಕೆಲಸ ಬಿತ್ತು. ತಂಗಿ ಒತ್ತುವುದು, ಅಕ್ಕ ಒದ್ದೆ ಬಟ್ಟೆಯಲ್ಲಿ ತಿಕ್ಕಿ ಮುಚ್ಚುವುದು. ಬೈದಳು, ಗಲ್ಲ ಹಿಂಡಿದಳು, ಅಳುವೂ ಆಯಿತು. ಯಶೋಧಾ ನಗುತ್ತಿದ್ದಳು.

"ನೀ ಒರ್ಸಕ್ಕ, ನಾ ಒತ್ತೀನಿ. ಯಾರು ಸೋಲ್ತಾರೆ ನೋಡನ!"

ಯಾರು ಸೋತರು ಎನ್ನುವುದು ಬೇಗ ಗೊತ್ತಾಯಿತು. ಆ ವರ್ಷ ಚಳಿ ಮುಗಿಯುವ ಹೊತ್ತಿಗೆ ಕಾಡಂಚಿನ ಊರುಗಳಲ್ಲಿ ಮಂಗನ ಕಾಯಿಲೆ ಬಂತು. ಕಾಡಿನಲ್ಲಿ ಉದುರಿದ ದರಗು ಗುಡಿಸಲು ಹೋಗಿದ್ದ ಯಶೋಧಾ ಜ್ವರ ಹೊತ್ತು ಬಂದಳು, ಹತ್ತನೆಯ ದಿನಕ್ಕೆ ಹೋದಳು. ಹತ್ತೊಂಬತ್ತು ವರ್ಷ. ಒಂದು ಫೋಟೋ ತೆಗೆಸಿರಲಿಲ್ಲ. ಸೀರೆ ರವಿಕೆಯನ್ನು ಜ್ವರದ ಹೆದರಿಕೆಗೆ ಸುಟ್ಟರು. ವಿಶಾಲ ಮತ್ತೆ ಕಾರ್ಖಾನೆಗೆ ಹೋದಳು. ಎದುರಿಗೆ ಬಂದ ಹೆಂಚುಗಳು ನುಣ್ಣಗಿದ್ದವು, ಒರೆಸಲು ಏನೂ ಇರಲಿಲ್ಲ.

ಮದುವೆಯಾಗಿ, ಮೊದಲ ಬಾಣಂತನದಲ್ಲಿ ಅಂಗಾತ ಮಲಗಿದ್ದಾಗ ಮಾಡಿನ ಒಂದು ಹೆಂಚಿನಲ್ಲಿ ಯಾರದೋ ಹೆಬ್ಬೆರಳಿನ ಗುರುತು ಕಂಡಿತು. ಯಶೋಧಾಳದ್ದಲ್ಲ, ಯಾರದೋ. ಆದರೆ ಅವಳು ಎದ್ದು ಕೂತಳು. ಹಾಗಾದರೆ ನನ್ನ ಕೈ ತಪ್ಪಿಸಿಕೊಂಡು ಅವಳದ್ದೂ ಒಂದಾದರೂ ಹೋಗಿರಬೇಕಲ್ಲ? ಯಾವುದೋ ಮನೆಯ ಮಾಡಿನಲ್ಲಿ ಕೂತಿರಬೇಕಲ್ಲ? ಅವತ್ತು ಶುರುವಾದದ್ದು. ಯಾರಿಗೂ ಹೇಳಲಿಲ್ಲ, ಜಯಪ್ಪನಿಗೂ ಹೇಳಲಿಲ್ಲ. ಹೇಳಿದರೆ ಎಲ್ಲರೂ ಮುಂದಿನ ಪ್ರಶ್ನೆ ಕೇಳುತ್ತಾರೆ: ಉಳಿದವು ಏನಾದವು? ಒರೆಸಿದವಳು ನಾನೇ ಎಂದು ಯಾವ ಬಾಯಲ್ಲಿ ಹೇಳುವುದು?

ಎರಡು ವರ್ಷದ ಕೆಳಗೆ ಪೇಟೆಯ ಹಳೆ ಕಟ್ಟಡವೊಂದರಲ್ಲಿ ಮ್ಯೂಸಿಯಂ ಮಾಡುವ ಕೆಲಸ ಹಿಡಿದರು. ಗುಡಿಸಿ ಒರೆಸಲು ಹೆಂಗಸು ಬೇಕೆಂದಾಗ ವಿಶಾಲಮ್ಮ ತಾನಾಗಿ ಹೋದಳು. ಹಳೆ ಸಾಮಾನು ಬರುವ ಜಾಗ, ಹೆಂಚೂ ಬಂದೀತು ಎಂಬ ಆಸೆ. ಒಳಗೆ ಎರಡು ಕೋಣೆ. ಬಲಗಡೆಯದು 'ನಮ್ಮ ಕೈಗಾರಿಕೆ': ಅಕ್ಕಿ ಗಿರಣಿಯ ಚಕ್ರ, ಗಂಧದ ಕೆತ್ತನೆಯ ಉಳಿಗಳು, ಅದೇ ಕಾರ್ಖಾನೆಯ ತುಕ್ಕು ಹಿಡಿದ ಪ್ರೆಸ್ಸು. ಎಡಗಡೆಯದು 'ನಮ್ಮ ಕುಣಿತ': ಯಕ್ಷಗಾನದ ಗೆಜ್ಜೆ, ಕೋಲಾಟದ ಕೋಲು, ಗಾಜಿನ ಪೆಟ್ಟಿಗೆಯಲ್ಲಿ ಒಂದು ಡೊಳ್ಳು, ಗೋಡೆಯ ಮೇಲೆ ಟಿವಿ. ಆ ಟಿವಿಯಲ್ಲಿ ದಿನವಿಡೀ ಹೆಂಗಸರ ತಂಡವೊಂದು ಡೊಳ್ಳು ಬಾರಿಸುತ್ತದೆ. ಕಚ್ಚೆ ಕಟ್ಟಿ, ಡೊಳ್ಳು ಹೊತ್ತು, ಎಗರಿ ಎಗರಿ ಬಾರಿಸುತ್ತಾರೆ. ಈಗ ಹೆಂಗಸರು ಬಾರಿಸುವುದು ಸಾಗರದವರಿಗೆ ವಿಶೇಷವೇ ಅಲ್ಲ. ವಿಶಾಲಮ್ಮ ಮಾತ್ರ ಆ ಕೋಣೆಯನ್ನು ಮೈಗೆ ಬೆಂಕಿ ಬಿದ್ದವಳ ಹಾಗೆ ಅವಸರದಲ್ಲಿ ಒರೆಸಿ ಹೊರಗೆ ಬರುತ್ತಾಳೆ. ನಲವತ್ತು ವರ್ಷ ತಡವಾಗಿ ಹುಟ್ಟಬಾರದಿತ್ತೇನೇ ಎಂದು ಬೈಯಬೇಕೆನಿಸುತ್ತದೆ, ಬೈಯಿಸಿಕೊಳ್ಳುವವಳು ಇಲ್ಲ.

ಮ್ಯೂಸಿಯಂ ನೋಡಿಕೊಳ್ಳುವವಳು ಶ್ರದ್ಧಾ. ತೀರ್ಥಹಳ್ಳಿ ಕಡೆಯ ಜೈನರ ಮನೆಯ ಹುಡುಗಿ, ಮೈಸೂರಿನಲ್ಲಿ ಓದಿದವಳು, ಒಳ್ಳೆಯವಳು. ಮೂರು ತಾಲ್ಲೂಕಿನ ನಲವತ್ತು ಮನೆಗಳಿಂದ ಒಂದೊಂದು ಹಳೆ ಹೆಂಚು ತರಿಸಿ ಕೈಗಾರಿಕೆ ಕೋಣೆಯ ಒಂದು ಗೋಡೆಯ ಮೇಲೆ ಜೋಡಿಸಬೇಕು, ಒಳಮೈಯ ಮೇಲಿನ ಕಾರ್ಖಾನೆ ಹೆಸರು ಜನರಿಗೆ ಕಾಣಬೇಕು ಎನ್ನುವುದು ಅವಳ ಯೋಚನೆ. ಬಂದ ಒಂದೊಂದು ಹೆಂಚನ್ನೂ ವಿಶಾಲಮ್ಮ ಮಗುಚಿ ನೋಡಿದಳು. ಮೂವತ್ತಮೂರು ನೋಡಿದಳು, ಇರಲಿಲ್ಲ. ಉಳಿದ ಏಳು ಹೊಸನಗರದಿಂದ ಬರಬೇಕಿತ್ತು.

ಅವು ಬರುವ ದಿನವೇ ಜಯಪ್ಪನ ಫೋನು ಬಂತು. "ಅಕ್ಕಾ, ಮೇಳಿಗೇಲಿ ದೊಡ್ಡ ಮನೆ, ಮೂರ್ ಸಾವಿರ ಹೆಂಚು. ಇವತ್ತೇ ಲೋಡ್ ಆಗ್ತದೆ, ಬರಾದಾದ್ರೆ ಈಗ್ಲೇ ಬಾ." ಮೂರು ಸಾವಿರ ಎಲ್ಲಿ, ಏಳು ಎಲ್ಲಿ? ಶ್ರದ್ಧಾಳಿಗೆ ಹುಷಾರಿಲ್ಲವೆಂದು ಸುಳ್ಳು ಹೇಳಿ ಬಸ್ಸು ಹತ್ತಿದಳು. ಮೇಳಿಗೆಯಲ್ಲಿ ಸಂಜೆಯವರೆಗೆ ಸೊಂಟ ಬಗ್ಗಿಸಿ ಮಗುಚಿದಳು. ಒಂದು ನಾಯಿಯ ಹೆಜ್ಜೆ ಸಿಕ್ಕಿತು, ಮತ್ತೇನೂ ಸಿಗಲಿಲ್ಲ.

ಮಾರನೆಯ ಬೆಳಿಗ್ಗೆ ಮ್ಯೂಸಿಯಮ್ಮಿಗೆ ಬಂದರೆ ನಲವತ್ತು ಹೆಂಚೂ ಗೋಡೆಯ ಮೇಲಿದ್ದವು. ಶ್ರದ್ಧಾ ತಲೆ ಮೇಲೆ ಕೈ ಹೊತ್ತು ಕೂತಿದ್ದಳು. ಹಿಂದಿನ ದಿನ ಅವಳು ಆಮಂತ್ರಣ ಪತ್ರಿಕೆಯ ಕೆಲಸಕ್ಕೆ ಹೋಗಿದ್ದಾಗ ಹೊರಗಿನಿಂದ ಬಂದ ಟೈಲ್ಸ್ ಕೆಲಸದವರು ಬಚ್ಚಲುಮನೆಗೆ ಅಂಟಿಸುವ ಹಾಗೆ ಅಂಟಿಸಿ ಹೋಗಿದ್ದರು. ಬಚ್ಚಲಿನ ಟೈಲ್ಸಿಗೆ ಕಂಪನಿ ಹೆಸರು ಹಿಂದುಗಡೆ ಇರುತ್ತದೆ, ಸಿಮೆಂಟ್ ಹಚ್ಚುವುದು ಅದೇ ಮೈಗೆ. ಇಲ್ಲೂ ಹೆಸರಿದ್ದ ಮೈಗೇ ಹಚ್ಚಿದ್ದರು. ಅವರ ಲೆಕ್ಕದಲ್ಲಿ ಕೆಲಸ ಬಹಳ ಅಚ್ಚುಕಟ್ಟಾಗಿತ್ತು. ನಾಡಿದ್ದೇ ಉದ್ಘಾಟನೆ.

"ಹೋಗ್ಲಿ ಬಿಡಿ ವಿಶಾಲಕ್ಕ," ಅಂದಳು ಶ್ರದ್ಧಾ. "ನಿನ್ನೆ ಹೊರಡೋ ಮೊದಲೇ ಎಲ್ಲ ಹೆಂಚುಗಳ ಎರಡೂ ಮೈ ಫೋಟೋ ತೆಗೆದಿಟ್ಟಿದ್ದೆ. ಅದನ್ನೇ ಪ್ರಿಂಟ್ ಹಾಕಿಸಿ ಕೆಳಗೆ ಹಚ್ಚೋಣ. ನೀವು ಅಲ್ಲೇ ಕೆಲಸ ಮಾಡಿದವರಲ್ವಾ, ಒಂಚೂರು ನೋಡಿ, ಇದರಲ್ಲೇನೋ ಗುರುತಿದೆ."

ಕಂಪ್ಯೂಟರಿನ ಪರದೆಯ ಮೇಲೆ ಮಸಿ ಹಿಡಿದ ಹೆಂಚು. ನಂಬರು ಮೂವತ್ತೆಂಟು, ಹೊಸನಗರದ ಒಂದು ಅಡುಗೆಮನೆಯದು. ಎಡಕ್ಕೆ ಐದು ಗುಳಿ, ಐದನೆಯದು ವಾಲಿಕೊಂಡಿತ್ತು. ಬಲಕ್ಕೆ ಗೀರು ಇರಬೇಕಾದಲ್ಲಿ ಒದ್ದೆ ಬಟ್ಟೆ ಎಳೆದ ಗೆರೆಗಳು. ಅರ್ಧ ಒರೆಸಿದ ಹೆಂಚು. ಯಾರೋ ಕರೆದಿರಬೇಕು, ಊಟದ ಗಂಟೆ ಹೊಡೆದಿರಬೇಕು, ವಿಶಾಲ ಅರ್ಧಕ್ಕೇ ಕೈ ತೆಗೆದಿದ್ದಳು.

ವಿಶಾಲಮ್ಮನ ಕೈಯಲ್ಲಿದ್ದ ಬಕೆಟ್ಟು ಕೆಳಗೆ ಬಿತ್ತು. ನೀರು ವೈರುಗಳ ಕಡೆ ಹರಿಯಿತು, ಶ್ರದ್ಧಾ ಕೂಗಿಕೊಂಡು ಎದ್ದಳು. ವಿಶಾಲಮ್ಮ ಕೈಗಾರಿಕೆ ಕೋಣೆಗೆ ಓಡಿ ಮೂವತ್ತೆಂಟನೆಯ ಹೆಂಚಿನ ಎದುರು ನಿಂತಳು. ನುಣ್ಣನೆಯ ಬೆನ್ನು, ಅದರ ಹಿಂದೆ ಸಿಮೆಂಟು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನಿನ್ನೆ ಸುಮ್ಮನೆ ಕೆಲಸಕ್ಕೆ ಬಂದಿದ್ದರೆ ಈ ಹೊತ್ತಿಗೆ ಮಡಿಲಲ್ಲಿರುತ್ತಿತ್ತು. ಗುಟ್ಟು ಬಿಟ್ಟು ಒಬ್ಬರಿಗಾದರೂ ಹೇಳಿದ್ದರೆ ತೆಗೆದಿಟ್ಟಿರುತ್ತಿದ್ದರು. ಅವಳು ನೆಲದ ಮೇಲೆ ಕೂತು ಜೋರಾಗಿ ಅತ್ತಳು, ನಾಚಿಕೆಪಡದೆ ಅತ್ತಳು. ಆಮೇಲೆ ಪಕ್ಕದಲ್ಲಿ ಬಂದು ಕೂತ ಶ್ರದ್ಧಾಳಿಗೆ ಎಲ್ಲವನ್ನೂ ಹೇಳಿದಳು: ತಂಗಿಯನ್ನು, ಡೊಳ್ಳನ್ನು, ಒದ್ದೆ ಬಟ್ಟೆಯನ್ನು.

ಶ್ರದ್ಧಾ ಅವಳ ಬೆನ್ನು ಸವರಿದಳು. "ಫೋಟೋ ಇದೆಯಲ್ಲ ಅಕ್ಕ, ದೊಡ್ಡದು ಮಾಡಿ ಹಾಕ್ತೀನಿ" ಅಂದಳು.

"ಫೋಟೋದಾಗೆ ಬೆರಳಿಡಕ್ಕೆ ಆಗ್ತದನಾ ಮೇಡಂ?"

ಶ್ರದ್ಧಾ ಎದ್ದು ನಿಂತಳು. ಗೋಡೆ ಕೆಡಿಸಿದರೆ ಮೇಲಿನವರು ಕೇಳುತ್ತಾರೆ, ಉದ್ಘಾಟನೆಯ ದಿನ ಗೋಡೆಯಲ್ಲಿ ತೂತು ಕಾಣುತ್ತದೆ. ಅವಳು ಒಮ್ಮೆ ಗೋಡೆ ನೋಡಿದಳು, ಒಮ್ಮೆ ವಿಶಾಲಮ್ಮನನ್ನು ನೋಡಿದಳು. "ನಿಮ್ಮ ಜಯಪ್ಪನ್ನ ಕರೀರಿ" ಅಂದಳು.

ಜಯಪ್ಪ ಮಧ್ಯಾಹ್ನ ಬಂದ. ಹೆಂಚನ್ನು ಬೆರಳಿನ ಗೆಣ್ಣಿನಿಂದ ತಟ್ಟಿ ತಟ್ಟಿ ಕಿವಿಗೊಟ್ಟು ಕೇಳಿದ. "ಅಡಿಗೆಮನೆ ಹೆಂಚು. ಮಸಿ ಕೂತಲ್ಲಿ ಸಿಮೆಂಟು ಸರಿಯಾಗಿ ಕಚ್ಚದಿಲ್ಲ, ನಡುವೆ ಟೊಳ್ಳು ಕೇಳ್ತದೆ. ಆದ್ರೆ ಅಂಚು ಕಚ್ಚಿದೆ. ಎಬ್ಬಿಸ್ಬೌದು. ಒಡೀಲೂಬೌದು." ಉಳಿ ಹಿಡಿದು ಅವಳ ಕಡೆ ತಿರುಗಿದ. "ನೀ ಹೇಳಕ್ಕ. ಒಡೆದ್ರೆ ನನ್ನ ಬೈಬ್ಯಾಡ."

ವಿಶಾಲಮ್ಮ ಎದ್ದಳು, ಕೂತಳು, ಮತ್ತೆ ಎದ್ದಳು. ಪ್ರೆಸ್ಸಿನ ಸುತ್ತ ಎರಡು ಸುತ್ತು ಬಂದಳು. ಹಾಗೇ ಬಿಟ್ಟರೆ ಒಳಗೆ ಇದೆ ಎಂಬುದಾದರೂ ಇರುತ್ತದೆ. ತೆಗೆಸಿ ಒಡೆದರೆ, ಉಳಿದ ಒಂದೇ ಒಂದನ್ನೂ ಅಕ್ಕನೇ ಅಳಿಸಿದ ಹಾಗಾಗುತ್ತದೆ. ಪಕ್ಕದ ಕೋಣೆಯ ಟಿವಿಯಲ್ಲಿ ಹೆಂಗಸರು ಬಾರಿಸುತ್ತಲೇ ಇದ್ದರು. ಒಳಗೆ ಇದೆ ಎಂದುಕೊಂಡು ದಿನಾ ಈ ಗೋಡೆ ಒರೆಸುತ್ತ ಇರುವುದು ತನ್ನಿಂದ ಸಾಧ್ಯವಿಲ್ಲ ಎನಿಸಿತು.

"ತೆಗಿ" ಅಂದಳು.

ಜಯಪ್ಪ ಸಣ್ಣ ಪೆಟ್ಟು ಕೊಡುತ್ತ ಮೂರು ಅಂಚು ಬಿಡಿಸಿದ. ನಾಲ್ಕನೆಯದಕ್ಕೆ ಉಳಿ ತೂರಿಸುವಾಗ ಟಪ್ ಎಂದಿತು. ಹೆಂಚು ನಡುವೆಯೇ ಸೀಳಿ, ಅವನ ಕೈ ಜಾರಿ, ನೆಲಕ್ಕೆ ಬಿದ್ದು ಪುಡಿಯಾಯಿತು. ಹಳೆ ಹೆಂಚು, ಚೂರುಗಳೂ ನೆಟ್ಟಗೆ ಉಳಿಯಲಿಲ್ಲ. ಗುಳಿ ಯಾವುದು, ಒಡಕು ಯಾವುದು ಎಂದು ಹೇಳುವ ಹಾಗಿರಲಿಲ್ಲ.

ವಿಶಾಲಮ್ಮನಿಗೆ ಅಳುವೂ ಬರಲಿಲ್ಲ. ಸೋಲು ಪೂರ್ತಿಯಾಯಿತು ಎಂದಷ್ಟೇ ಅನಿಸಿತು. ಜಯಪ್ಪನಿಗೆ ಅವಳ ಮುಖ ನೋಡಲಾಗದೆ, ಕೈಗೊಂದು ಕೆಲಸ ಬೇಕಾಗಿ, ಅವಳದೇ ಬಕೆಟ್ಟಿನಿಂದ ಒದ್ದೆ ಬಟ್ಟೆ ಎತ್ತಿಕೊಂಡ. "ಗೋಡೆನಾದ್ರೂ ಸಾಪ್ ಮಾಡ್ತೀನಿ. ನಡುವಿನ ಸಿಮೆಂಟಿನ್ನೂ ಹಸೀನೇ ಇದೆ, ಉಜ್ಜಿದ್ರೆ ನುಣ್ಣಗಾಗ್ತದೆ" ಎಂದು ಗೋಡೆಯ ಕಡೆ ಕೈ ಚಾಚಿದ.

ವಿಶಾಲಮ್ಮ ತಲೆಯೆತ್ತಿದಳು.

"ಒರ್ಸಬ್ಯಾಡ!"

ಆ ಕೂಗಿಗೆ ಶ್ರದ್ಧಾ ಬೆಚ್ಚಿದಳು. ವಿಶಾಲಮ್ಮ ಹಾರಿ ಜಯಪ್ಪನ ಮಣಿಕಟ್ಟು ಹಿಡಿದಿದ್ದಳು, ಬಟ್ಟೆಯ ನೀರು ಅವಳ ತೋಳಿನ ಮೇಲೆ ಇಳಿಯುತ್ತಿತ್ತು. ಹೆಂಚು ಎದ್ದ ಜಾಗದಲ್ಲಿ, ಮಸಿ ಅಂಟಿದ ಸಿಮೆಂಟಿನ ಮೇಲೆ, ಎಡಗೈಯೊಂದು ಎದ್ದು ನಿಂತಿತ್ತು. ಗುಳಿಗಳಿಗೆ ಇಳಿದ ಸಿಮೆಂಟು ಐದು ಬೆರಳತುದಿಯಾಗಿ ಹೊರಗೆ ಬಂದಿತ್ತು. ದುಂಡಗೆ, ಹುಡುಗಿಯ ಬೆರಳುಗಳು. ಕಿರುಬೆರಳು ಸೊಟ್ಟ. ಪಕ್ಕದಲ್ಲಿ ಒದ್ದೆ ಬಟ್ಟೆಯ ಗೆರೆಗಳೂ ಹಾಗೇ ಮೂಡಿದ್ದವು.

ನಲವತ್ತು ವರ್ಷ ಗುಳಿ ಹುಡುಕಿದವಳಿಗೆ ಸಿಕ್ಕಿದ್ದು ಬೆರಳು. ವಿಶಾಲಮ್ಮ ತನ್ನ ಬೆರಳುಗಳನ್ನು ಒಂದೊಂದಾಗಿ ಅವುಗಳ ಮೇಲಿಟ್ಟಳು. ತಣ್ಣಗಿದ್ದವು. "ಗೆದ್ಯಲ್ಲೇ, ಮುಂಡೇದೇ" ಅಂದಳು. ಜಯಪ್ಪ ಹೊರಗೆ ಹೋಗಿ ಬೀಡಿ ಹಚ್ಚಿದ.

ಗೋಡೆಯ ಆ ಜಾಗವನ್ನು ಶ್ರದ್ಧಾ ಮುಚ್ಚಿಸಲಿಲ್ಲ, ಬರುವ ಮಾತು ತನಗೇ ಬರಲಿ ಎಂದಳು. ಕೆಳಗೆ ಚೀಟಿ ಹಚ್ಚಬೇಕಲ್ಲ, ಏನು ಬರೆಯಲಿ ಎಂದು ಕೇಳಿದಳು. ವಿಶಾಲಮ್ಮ ಯೋಚಿಸಲೇ ಇಲ್ಲ. "ಬಾರ್ಸಿದವ್ಳು ಯಶೋಧಾ ಅಂತ ಬರೀರಿ. ಒರ್ಸಿದವ್ಳು ವಿಶಾಲಮ್ಮ ಅಂತಾನೂ ಬರೀರಿ." ಉದ್ಘಾಟನೆಗೆ ಬಂದ ದೊಡ್ಡವರು ಅದನ್ನು ಎರಡೆರಡು ಸಲ ಓದಿ ಅರ್ಥವಾಗದೆ ಮುಂದೆ ಹೋದರು. ಬೆಳ್ಳಪ್ಪ ಒಂದು ಸಲ ಓದಿದ, ಟವೆಲಿನಲ್ಲಿ ಮೂಗು ಒರೆಸಿಕೊಂಡ, ಎರಡೂ ಕೋಣೆಯ ನಡುವಿನ ಬಾಗಿಲನ್ನು ಪೂರ್ತಿ ತೆರೆದು ಕಲ್ಲು ಇಟ್ಟ. ಡೊಳ್ಳಿನ ಸದ್ದು ಈ ಕಡೆಗೂ ಬಂತು.

ಇನ್ನಾದರೂ ಇವಳು ಒಂದು ಕಡೆ ಕೂತಾಳು ಎಂದು ಎಲ್ಲರೂ ಅಂದುಕೊಂಡರು. ಹತ್ತು ದಿನ ಕೂತಳು. ಹನ್ನೊಂದನೆಯ ದಿನ ತುಮರಿ ಕಡೆ ಒಂದು ಮಾಡು ಬಿಚ್ಚುತ್ತಾರೆಂದು ಅವಳೇ ಜಯಪ್ಪನಿಗೆ ಫೋನು ಮಾಡಿದಳು.

"ಸಿಕ್ತಲ್ಲಕ್ಕ, ಇನ್ನೆಂತ ಹುಡುಕ್ತೀಯ ಮಾರಾಯ್ತಿ?" ಅಂದ ಅವನು.

"ಸಿಕ್ಕಿದ್ದು ಎಡಗೈ ಕಣಾ," ಅಂದಳು ವಿಶಾಲಮ್ಮ, ಚಪ್ಪಲಿ ಮೆಟ್ಟುತ್ತ. "ಡೊಳ್ಳು ಒಂದೇ ಕೈಯಾಗೆ ಬಾರ್ಸಕ್ಕೆ ಆಗ್ತದನಾ?"